ಮೀನುಗಣ್ಣಿನ ಟೊಪ್ಪಿಗೆ

“ಕಣ್ಣು ಮಿಟುಕಿಸಬ್ಯಾಡ್ರಿ ಮಾಮಾ! ಮೀನಿಗೆ ರೆಪ್ಪಿ ಇರೂದಿಲ್ಲ! ನೀವು ಮಿಟುಕಿಸಿದ್ರ ನನ್ನ ಮಷೀನು ಗಾಬರಿ ಆಗ್ತೈತಿ!”

ಹೀಗೆ ಕೂಗುತ್ತ ನನ್ನ ಹೆಂಡತಿಯ ತಮ್ಮ ಮೈಲಾರಿ ನನ್ನ ತಲೆಯನ್ನು ಹಿತ್ತಲಿನ ಸಿಮೆಂಟು ತೊಟ್ಟಿಯೊಳಗೆ ಅದ್ದಿದ. ಗಾಬರಿಯಾಗಬೇಕಾದವನು ನಾನೋ ಮಷೀನೋ ಎಂದು ಕೇಳೋಣವೆಂದರೆ ಬಾಯಿಗೆ ಹಳೇ ಗ್ಯಾಸ್ ಒಲೆಯ ಕಿತ್ತಳೆ ಬಣ್ಣದ ಪೈಪು ತುರುಕಿದ್ದ. ಅದರ ಇನ್ನೊಂದು ತುದಿ ನೀರಿನಿಂದ ಮೇಲಕ್ಕಿತ್ತು, ಉಸಿರಾಟಕ್ಕಂತೆ! ತಲೆಗೆ ಹಳೇ ಬೈಕಿನ ಹೆಲ್ಮೆಟ್ಟು. ಅದರ ಎರಡೂ ಪಕ್ಕಕ್ಕೆ ಒಂದೊಂದು ಸ್ಟೀಲ್ ಲೋಟ, ಲೋಟದೊಳಗೆ ಗೋಲಿಯಂತೆ ದುಂಡಗಿನ ಗಾಜು. ನೆತ್ತಿಯಿಂದ ಹೊರಟ ಟ್ರಾನ್ಸಿಸ್ಟರ್ ಏರಿಯಲ್ಲು ಬಾಗಿ ನೀರಿಗಿಳಿದಿತ್ತು. ತೊಟ್ಟಿಯೊಳಗಿದ್ದ ಮೂರು ಗೆಂಡೆ ಮೀನುಗಳು ನನ್ನನ್ನು ನೋಡಿ ಮೂಲೆ ಸೇರಿದವು. ಅವುಗಳನ್ನು ನಾನು ತಪ್ಪೆನ್ನಲಾರೆ.

ಮೈಲಾರಿಗೆ ಪೇಟೆಯಲ್ಲಿ ಕನ್ನಡಕದ ಅಂಗಡಿಯಿದೆ. ಕನ್ನಡಕ ಮಾರಿಕೊಂಡು ಸುಮ್ಮನಿದ್ದರೆ ಎಲ್ಲರಿಗೂ ಕ್ಷೇಮ. ಆದರೆ ಅವನು ಕಂಡುಹಿಡಿಯುತ್ತಾನೆ! ಹೋದ ವರ್ಷ ಮಳೆಗಾಲಕ್ಕೆಂದು ವೈಪರ್ ಇರುವ ಕನ್ನಡಕ ಕಂಡುಹಿಡಿದ. ಅದು ಶಾಲೆಯ ಹೆಡ್‌ಮಾಸ್ತರರ ಎರಡೂ ಹುಬ್ಬುಗಳನ್ನು ನುಣ್ಣಗೆ ಒರೆಸಿ ಹಾಕಿತು. ಈ ವರ್ಷದ್ದು ಮೀನುಗಣ್ಣಿನ ಟೊಪ್ಪಿಗೆ.

ಇಂಥವನ ಕೈಗೆ ನಾನು ತಲೆ ಕೊಟ್ಟಿದ್ದೇಕೆ? ಮೊಮ್ಮಗಳ ಹೆಸರಿಗಾಗಿ!

ನನ್ನ ಮಗಳು ರೇಣುಕಾ ಬಾಣಂತನಕ್ಕೆ ಬಂದಿದ್ದಳು. ಹೆಣ್ಣು ಮಗು, ಮುದ್ದಾಗಿದೆ. ಅದಕ್ಕೆ ನನ್ನ ಅವ್ವನ ಹೆಸರು ತುಂಗವ್ವ ಎಂದೇ ಇಡಬೇಕೆಂದು ನನ್ನ ಆಸೆ. ನನ್ನವ್ವ ಕಣ್ಣು ಪೂರ್ತಿ ಹೋದ ಮೇಲೂ ದಾರದ ತುದಿಯನ್ನು ತುಟಿಗೆ ತಾಗಿಸಿ, ಬೆರಳಿನಲ್ಲೇ ಸೂಜಿಯ ಕಣ್ಣು ಹುಡುಕಿ ಪೋಣಿಸುತ್ತಿದ್ದವಳು. ನನಗೆ ಹೊಲಿಗೆ ಕಲಿಸಿದ್ದೇ ಅವಳು. ಅವಳ ಹೆಸರು ಮನೆಯಲ್ಲಿ ಮತ್ತೆ ಕೇಳಬೇಕು, ಯಾರನ್ನೋ ಬಯ್ಯುವಾಗಲಾದರೂ ಸರಿ. ಆದರೆ ಮಗಳ ಮಾವ, ನನ್ನ ಬೀಗ ಚೌಡಪ್ಪ, ತನ್ನ ಅವ್ವನ ಹೆಸರು ಕೆಂಚವ್ವ ಎಂದೇ ಇಡಬೇಕೆಂದು ಹಟ ಹಿಡಿದಿದ್ದ.

“ಹಂಗಾರ ಕೆರೆಬ್ಯಾಟಿಯೊಳಗ ತೀರ್ಮಾನ ಆಗ್ಲಿ ಬೀಗರ! ದೊಡ್ಡ ಮೀನು ಹಿಡದವ ಹೆಸರು ಇಡ್ಲಿ!” ಎಂದಿದ್ದ ಚೌಡಪ್ಪ, ಊರ ಗೌಡರ ಎದುರಿಗೇ.

ಚೌಡಪ್ಪ ಹೀಗನ್ನಲು ಕಾರಣವಿದೆ. ನಮ್ಮ ಕಡೆ ಬೇಸಿಗೆಯಲ್ಲಿ ಕೆರೆಯ ನೀರು ಸೊಂಟಮಟ್ಟಕ್ಕೆ ಇಳಿದಾಗ ಸುತ್ತಲಿನ ಊರಿನವರೆಲ್ಲ ಒಂದೇ ದಿನ ಒಟ್ಟಿಗೆ ಇಳಿದು ಮೀನು ಹಿಡಿಯುತ್ತೇವೆ. ಅದೇ ಕೆರೆಬೇಟೆ. ಬಲೆಯಿಲ್ಲ, ಗಾಳವಿಲ್ಲ. ಕೈಯಲ್ಲೊಂದು ಕೂಣಿ ಮಾತ್ರ. ಕೂಣಿ ಎಂದರೆ ತಳವಿಲ್ಲದ ಬಿದಿರಿನ ಬುಟ್ಟಿ. ಕೆಳಗೆ ಅಗಲ, ಮೇಲೆ ಕೈ ಹೋಗುವಷ್ಟು ಬಾಯಿ. ನಾನೂರು ಜನ ತುಳಿದ ನೀರು ಚಹಾದಂತಾಗಿರುತ್ತದೆ. ಏನೂ ಕಾಣದು. ಅಂದಾಜಿನ ಮೇಲೆ ಕೂಣಿಯನ್ನು ದಬಕ್ಕನೆ ಒತ್ತಿ, ಮೇಲಿನ ಬಾಯಿಂದ ಕೈ ಹಾಕಿ ತಡಕಬೇಕು. ಚೌಡಪ್ಪ ಇದರಲ್ಲಿ ಪಳಗಿದ ಕೈ. ನಾನು ಮೂರು ವರ್ಷದಿಂದ ಕೆಸರನ್ನಷ್ಟೇ ಹಿಡಿದು ಮನೆಗೆ ತಂದಿದ್ದೆ.

ಅದಕ್ಕೇ ಮೈಲಾರಿ ಹಾರಿ ಬಂದ. “ಕೆಸರು ನೀರಾಗ ಮನಷ್ಯಾಗ ಕಾಣೂದಿಲ್ಲ ಖರೆ, ಮೀನಿಗೆ ಕಾಣ್ತೈತೋ ಇಲ್ಲೋ? ಕೆಸರಾಗ ನೀಲಿ ಬೆಳಕು ಸಾಯ್ತೈತಿ, ಕೆಂಪು ಉಳೀತೈತಿ. ಸಿಹಿನೀರಿನ ಮೀನಿನ ಕಣ್ಣು ಆ ಕೆಂಪನ್ನ ಹಿಡಿಯಾಕ ಅಂತನ ಹುಟ್ಟಿರ್ತೈತಿ! ದೂರದ್ದು ಮಬ್ಬು, ಆದ್ರ ಹತ್ತಿರದ್ದು ಕನ್ನಡಿಯೊಳಗ ಕಂಡಂಗ! ಹಿಂದು ಮುಂದು ಎರಡೂ ಕಡಿ ಒಮ್ಮೆ ಕಾಣ್ತೈತಿ! ಆ ಕಣ್ಣು ನಿಮಗ ಕೊಡಿಸ್ತೀನಿ ಮಾಮಾ! ಮೀನಿನಿಂದ ನೋಟ ತಗೊಂಡು, ಅದರ ಬದ್ಲಿ ನಿಮ್ಮ ನೋಟ ಮೀನಿಗೆ ಕೊಡ್ತೈತಿ ಮಷೀನು. ಕೊಟ್ಟು ತಗೊಳ್ಳೂದು ಸರಿ ಇದ್ರ ಮಾತ್ರ ಕೆಲಸ ಮಾಡ್ತೈತಿ. ಅದಕ್ಕ ಮೊದಲ ನಿಮ್ಮ ಕಣ್ಣು ಅಳೀಬೇಕು.”

ಇಲ್ಲಿ ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ನನಗೆ ಚಾಳೀಸು ಬಂದು ಹತ್ತು ವರ್ಷವಾಗಿತ್ತು. ದೂರದ ಬಸ್ಸಿನ ಬೋರ್ಡು ಓದಬಲ್ಲೆ, ಕೈಯಲ್ಲಿರುವ ಸೂಜಿ ಕಾಣದು! ಆದರೆ ಕಣ್ಣು ಕಾಣದ ದರ್ಜಿಗೆ ಯಾರು ಬಟ್ಟೆ ಕೊಡುತ್ತಾರೆ? ಬಾಗಿಲ ಮರೆಯಲ್ಲಿ ಹೆಂಡತಿ ದ್ಯಾಮವ್ವ ದಿನಕ್ಕೆ ಇಪ್ಪತ್ತು ಸೂಜಿ ಪೋಣಿಸಿ ಇಡುತ್ತಾಳೆ. ಪ್ರತಿ ಮಂಗಳವಾರ ಸಂತೆಗೆ ಹೋದಾಗ ಮೈಲಾರಿಯ ಅಂಗಡಿಯಲ್ಲಿ ಕೂತು ಚಹಾ ಕುಡಿಯುತ್ತ, ಗೋಡೆಯ ಮೇಲಿನ ಕಣ್ಣು ಪರೀಕ್ಷೆಯ ಅಕ್ಷರಗಳ ಹಾಳೆಯನ್ನೂ ಅವನ ಕೈಯ ಚಿಕ್ಕ ಅಕ್ಷರದ ಕಾರ್ಡನ್ನೂ ನಾನು ಯಾವತ್ತೋ ಬಾಯಿಪಾಠ ಮಾಡಿಬಿಟ್ಟಿದ್ದೆ. ಚಿಕ್ಕ ಅಕ್ಷರಗಳನ್ನು ಮಗಳ ಹತ್ತಿರ ಓದಿಸಿಕೊಂಡು!

ಅವನು ಕಾರ್ಡನ್ನು ನನ್ನ ಮೂಗಿನ ಮುಂದೆ ಹಿಡಿದ. ನಾನು ಗಡಗಡ ಒಪ್ಪಿಸಿದೆ. ಕೊನೆಯ ಸಾಲನ್ನೂ ಬಿಡಲಿಲ್ಲ.

“ಹದ್ದಿನ ಕಣ್ಣು!” ಎಂದು ಮೈಲಾರಿ ಬರೆದುಕೊಂಡು ವೈರು ಸುತ್ತಲು ಕೂತ.

ದ್ಯಾಮವ್ವ ಕಾರ್ಡನ್ನು ನೋಡಿ ನನ್ನ ಕಿವಿಯಲ್ಲಿ, “ಕೊನೀ ಸಾಲು ಇಲಿ ತಿಂದಾವ್ರೀ,” ಎಂದಳು.

“ಸುಮ್ನಿರು!” ಎಂದೆ ನಾನು.

ಹೀಗೆ ನನ್ನ ತಲೆ ತೊಟ್ಟಿಗೆ ಹೋಯಿತು. ಮೈಲಾರಿ ಸ್ವಿಚ್ಚು ಒತ್ತಿದ. ಅಬ್ಬಾ! ಅಬ್ಬಬ್ಬಾ! ತೊಟ್ಟಿಯ ಪಾಚಿಯ ಒಂದೊಂದು ಎಳೆ ಬೇರೆ ಬೇರೆಯಾಗಿ ಕಂಡಿತು. ಹತ್ತು ವರ್ಷದ ಮೇಲೆ ನನ್ನ ಕೈಬೆರಳಿನ ಗೆರೆಗಳನ್ನು ನಾನೇ ನೋಡಿದೆ! ಬೆರಳಲ್ಲಿ ಸೂಜಿ ಚುಚ್ಚಿದ ಗುರುತುಗಳನ್ನು ಎಣಿಸಿದೆ. ಎಡಗಣ್ಣಿಗೆ ಎಡಗೋಡೆ, ಬಲಗಣ್ಣಿಗೆ ಬಲಗೋಡೆ, ಎರಡೂ ಒಟ್ಟಿಗೆ. ಮೇಲೆ ನೋಡಿದರೆ ನೀರಿನ ಮುಚ್ಚಳದಲ್ಲಿ ಒಂದೇ ಒಂದು ದುಂಡನೆಯ ಕಿಟಕಿ. ಅದರೊಳಗೆ ನಮ್ಮ ಹಿತ್ತಲು, ನುಗ್ಗೆ ಗಿಡ, ಸೊಂಟಕ್ಕೆ ಕೈಯಿಟ್ಟು ನಿಂತ ದ್ಯಾಮವ್ವ, ಎಲ್ಲವೂ ಚಿಕ್ಕದಾಗಿ ಅಂಚಿಗೆ ಬಾಗಿ ತುಂಬಿಕೊಂಡಿದ್ದವು. ಸಂತೋಷಕ್ಕೆ ನನಗೆ ಅಳು ಬಂತು. ನೀರೊಳಗೆ ಅತ್ತರೆ ಯಾರಿಗೂ ಗೊತ್ತಾಗುವುದಿಲ್ಲ, ಅದೊಂದು ಅನುಕೂಲ.

ತಲೆ ಹೊರಗೆಳೆದಾಗಲೂ ಟೊಪ್ಪಿಗೆ ಚಾಲೂ ಇತ್ತು. ಪಕ್ಕದಲ್ಲಿ ಮೊರದ ತುಂಬ ಒಣಮೆಣಸಿನಕಾಯಿ. ಆ ಕೆಂಪು! ಅಂಥ ಕೆಂಪನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ! ಏನಾಯಿತೋ ತಿಳಿಯದು, ಮುನ್ನುಗ್ಗಿ ಬಾಯಿ ಹಾಕಿಬಿಟ್ಟೆ.

“ಅಯ್ಯಯ್ಯ! ಬ್ಯಾಡಗಿ ಮೆಣಸಿನಕಾಯಿ ಹಂಗ ತಿನ್ನಾಕತ್ತಾರ!” ಎಂದು ದ್ಯಾಮವ್ವ ಕಿರುಚಿದಳು.

“ಮೀನಿಗೆ ಕೆಂಪು ಕಂಡ್ರ ಹಂಗ ಅಕ್ಕಾ! ಮಷೀನು ಕರೆಕ್ಟ್ ಐತಿ!” ಎಂದು ಮೈಲಾರಿ ಕುಣಿದ.

ಅಷ್ಟರಲ್ಲಿ ಕಾಗೆಯೊಂದು ಹಿತ್ತಲಿನ ಮೇಲೆ ಹಾರಿತು. ಅದರ ನೆರಳು ನನ್ನ ಮೇಲೆ ಬಿದ್ದದ್ದೇ ತಡ, ಮನೆಯೊಳಗೆ ಓಡಿ ಹೊಲಿಗೆ ಮಷೀನಿನ ಕೆಳಗೆ ನುಗ್ಗಿದೆ. ಬಾಯಿ ಉರಿಯುತ್ತಿತ್ತು. ಹೊರಗೆಳೆಯಲು ಇಬ್ಬರೂ ಬೇಕಾದರು.

“ಸಣ್ಣದೊಂದು ಅಡ್ಜಸ್ಟ್‌ಮೆಂಟು ಮಾಡ್ತೀನಿ,” ಎಂದ ಮೈಲಾರಿ.

“ತೊಟ್ಟಿಯೊಳಗಿನ ಮೀನು ಗ್ವಾಡಿಗೆ ತಲಿ ಬಡ್ಕೊಳ್ಳಾಕತ್ತಾವಲ್ಲೋ?” ಎಂದಳು ದ್ಯಾಮವ್ವ ಬಗ್ಗಿ ನೋಡುತ್ತ.

“ಖುಷಿಗೆ ಅಕ್ಕಾ, ಖುಷಿಗೆ!”

ಕೆರೆಬೇಟೆಯ ದಿನ ಬೆಳಿಗ್ಗೆ ನಾನು ಹೊಸ ಪಟ್ಟಾಪಟ್ಟಿ ಚಡ್ಡಿ ಹಾಕಿ ಹೊರಟೆ. ನಾನೇ ಹೊಲಿದದ್ದು. ತಂಬಾಕಿಗೆಂದು ಒಂಬತ್ತು ಇಂಚಿನ ಜೇಬು ಇಡೋಣವೆಂದು ಟೇಪು ಹಿಡಿದಿದ್ದೆ, ಹಾಕಿಕೊಂಡ ಮೇಲೆ ನೋಡಿದರೆ ಹತ್ತೊಂಬತ್ತು ಇಂಚು! ಜೇಬು ಮೊಣಕಾಲಿಗೆ ಬಡಿಯುತ್ತಿತ್ತು. ಹೊಸ ಫ್ಯಾಶನ್ನು ಎಂದು ಹೇಳಿಕೊಂಡೆ.

ದಂಡೆಯ ಮೇಲೆ ಜಾತ್ರೆಯಷ್ಟು ಜನ. ಟೊಪ್ಪಿಗೆ ಕಂಡೊಡನೆ ಚೌಡಪ್ಪ ಕೂಣಿಯನ್ನು ನೆಲಕ್ಕೆ ಬಡಿದ.

“ಏನಿದು ಬೀಗರ? ಮೀನ ಹಿಡಿಯಾಕ ಬಂದೀರೋ, ಚಂದ್ರನ ಮ್ಯಾಲೆ ಹೊಂಟೀರೋ? ಗೌಡ್ರ, ಇದು ಮೋಸ!”

ಗೌಡರು ರುಮಾಲು ಸರಿಮಾಡಿಕೊಂಡು ಬಹಳ ಹೊತ್ತು ಯೋಚಿಸಿದರು. “ಬಲಿ ಇರಬಾರ್ದು, ಭರ್ಚಿ ಇರಬಾರ್ದು. ಟೊಪ್ಪಿಗಿ ಬಗ್ಗೆ ನಮ್ಮ ಹಿರ್ಯಾರು ಏನೂ ಹೇಳಿಲ್ಲ. ಆದ್ರ ಒಂದು ನೆಪ್ಪಿರ್ಲಿ. ಕೂಣಿ ಯಾರದ ಇರ್ಲಿ, ಮೊದಲು ಕೈ ಹಾಕಿ ಎತ್ತಿದವನದ ಮೀನು. ಅದು ನಮ್ಮ ಕೆರಿ ಪದ್ಧತಿ.”

ಹೀಗೆಂದು ಅವರು ಪಟಾಕಿ ಹಾರಿಸಿದರು. ನಾನೂರು ಜನ ಹೋ ಎಂದು ನೀರಿಗೆ ಬಿದ್ದರು.

ನಾನು ಸೊಂಟದವರೆಗೆ ಇಳಿದು, ಪೈಪು ಕಚ್ಚಿ, ತಲೆ ಮುಳುಗಿಸಿದೆ. ಏನು ಹೇಳಲಿ! ಎಲ್ಲರಿಗೂ ಕೆಸರಾಗಿದ್ದ ಕೆರೆ ನನಗೆ ಸಂಜೆಯ ಬಿಸಿಲಿನಂತೆ ಕೆಂಪಗೆ ಬೆಳಗುತ್ತಿತ್ತು! ಎಂಟುನೂರು ಕಾಲುಗಳು ಕಂಬ ನೆಟ್ಟಂತೆ ನಿಂತಿದ್ದವು. ಅವುಗಳ ನಡುವೆ ಮೀನೋ ಮೀನು! ಎಡಕ್ಕೆ ರೋಹು, ಬಲಕ್ಕೆ ಗೆಂಡೆ, ಬೆನ್ನ ಹಿಂದೆಯೂ ಗೆಂಡೆ! ತಲೆ ತಿರುಗಿಸದೆ ಎಲ್ಲವನ್ನೂ ಕಂಡೆ. ಮೂರು ಮೊಳ ದೂರದಲ್ಲಿ ಒಂದು ಕಟ್ಲಾ. ಎಷ್ಟು ದೊಡ್ಡದು! ಅದರ ಒಂದೊಂದು ಹುರುಪೆಯೂ ಹೊಸ ಐದು ರೂಪಾಯಿಯಂತೆ ಹೊಳೆಯುತ್ತಿತ್ತು. ತುಂಗವ್ವ, ಗೆದ್ದೆವು ಎಂದು ಮನಸ್ಸಿನಲ್ಲೇ ಕೂಗಿ ಕೂಣಿ ಎತ್ತಿದೆ.

ಆಗ ಕಟ್ಲಾ ನನ್ನತ್ತ ತಿರುಗಿತು. ತಿರುಗಿ, ನನ್ನನ್ನು ನೋಡಲು ಸ್ವಲ್ಪ ಹಿಂದಕ್ಕೆ ಸರಿಯಿತು. ಮತ್ತೂ ಹಿಂದಕ್ಕೆ ಸರಿಯಿತು. ಹಾಗೆಯೇ ಹಿಂದಕ್ಕೆ ಹೋಗಿ ಯಾರದೋ ಮೊಣಕಾಲಿಗೆ ಡಿಕ್ಕಿ ಹೊಡೆಯಿತು! ಸುತ್ತಲೂ ನೋಡಿದರೆ ಎಲ್ಲ ಮೀನುಗಳದ್ದೂ ಅದೇ ಪಾಡು. ಒಂದಕ್ಕೊಂದು ಬಡಿದುಕೊಳ್ಳುತ್ತಿವೆ, ಕಾಲುಗಳಿಗೆ ಹಾಯುತ್ತಿವೆ, ತೆರೆದ ಕೂಣಿಗಳೊಳಗೆ ತಾವಾಗಿಯೇ ನುಗ್ಗುತ್ತಿವೆ!

ಆಗ ನನಗೆ ಹೊಳೆಯಿತು. ಏರಿಯಲ್ಲು ಇಡೀ ಕೆರೆಯ ಮೀನುಗಳಿಗೆ ನನ್ನ ಕಣ್ಣು ಕೊಟ್ಟಿತ್ತು. ಹದ್ದಿನ ಕಣ್ಣಲ್ಲ. ನನ್ನದೇ ಕಣ್ಣು! ದಂಡೆಯಾಚೆಯ ರಸ್ತೆಯಲ್ಲಿ ಬರುವ ಬಸ್ಸು ಅವುಗಳಿಗೆ ಸ್ಪಷ್ಟವಾಗಿ ಕಾಣುತ್ತಿದ್ದಿರಬೇಕು. ಮೂಗಿನ ಮುಂದಿನ ಕೂಣಿ ಮಾತ್ರ ಕಾಣದು!

ಮೇಲೆ ಜನ ಹುಚ್ಚೆದ್ದು ಕೂಗುತ್ತಿದ್ದರು. “ಬಿತ್ತೋ! ನಂಗೂ ಬಿತ್ತೋ! ಕೈಯಾಗ ಬಂದು ಕುಂತೈತೋ!” ಹುಟ್ಟಿದಾರಭ್ಯ ಕಪ್ಪೆಯನ್ನೂ ಹಿಡಿಯದವರು ಬುಟ್ಟಿ ತುಂಬಿಸುತ್ತಿದ್ದರು. ನಾನಾದರೂ ಹಿಡಿಯೋಣವೆಂದರೆ, ಮೇಲಿನ ದುಂಡು ಕಿಟಕಿಯಿಂದ ಒಂದು ದೊಡ್ಡ ಕರೀ ನೆರಳು ಇಳಿಯಿತು. ಯಾರದೋ ಕೂಣಿ! ಮೈಲಾರಿಯ ಸಣ್ಣ ಅಡ್ಜಸ್ಟ್‌ಮೆಂಟು ಏನೂ ಕೆಲಸ ಮಾಡಿರಲಿಲ್ಲ. ಕೈಯಲ್ಲಿದ್ದ ಕೂಣಿಯನ್ನು ಬಿಸಾಡಿ ಓಡಿದೆ. ಎಡಕ್ಕೆ ಹೋದರೆ ಅಲ್ಲೊಂದು ಕೂಣಿ, ಬಲಕ್ಕೆ ಹೋದರೆ ಇನ್ನೊಂದು. ಆಕಾಶದಿಂದ ಕೂಣಿಗಳ ಮಳೆ! ಕೆರೆಯಲ್ಲಿ ಅವುಗಳನ್ನು ಕಂಡು ಹೆದರುತ್ತಿದ್ದ ಪ್ರಾಣಿ ನಾನೊಬ್ಬನೇ. ಜನರ ಕಾಲುಗಳ ಸಂದಿಯಲ್ಲಿ ನುಸುಳಿದೆ, ಕೆಸರಿನಲ್ಲಿ ಹೂತುಕೊಂಡೆ, ಮತ್ತೆ ಎದ್ದು ಓಡಿದೆ. ಚಡ್ಡಿ ಏನೋ ಭಾರವಾಗಿ ಜಗ್ಗತೊಡಗಿತು. ನೋಡಲು ಪುರುಸೊತ್ತಿರಲಿಲ್ಲ.

ಅಷ್ಟರಲ್ಲಿ ಕಂಡಿತು ಕೆಂಪು! ಯಾರೋ ಸೊಂಟಕ್ಕೆ ಕಟ್ಟಿದ ಕೆಂಪು ವಸ್ತ್ರದ ತುದಿ ನೀರಲ್ಲಿ ತೇಲಾಡುತ್ತಿತ್ತು. ಹೆದರಿಕೆಯೆಲ್ಲ ಮರೆತು ಮುನ್ನುಗ್ಗಿದೆ. ಪೈಪು ಕಚ್ಚಿದ ಬಾಯಿ, ಕಚ್ಚಲಾಗಲಿಲ್ಲ. ಟೊಪ್ಪಿಗೆಯಿಂದ ಗುದ್ದಿದೆ.

“ದೊಡ್ಡದು! ಭಾಳ ದೊಡ್ಡದು!” ಎಂಬ ಕೂಗು. ಚೌಡಪ್ಪನ ದನಿ! ದಬಕ್ಕನೆ ಕೂಣಿಯೊಂದು ನನ್ನ ಹೆಗಲತನಕ ಬಂದು ಕೂತಿತು. ಮೇಲಿನ ಬಾಯಿಂದ ಕೈಯೊಂದು ಇಳಿದು ತಡಕಿತು. ಕಿತ್ತಳೆ ಪೈಪು ಸಿಕ್ಕಿತು.

“ಹಾವುಮೀನು! ಹಾವುಮೀನು ಸಿಕ್ತು!” ಎಂದು ಚೌಡಪ್ಪ ಜಗ್ಗಿದ.

ಉಸಿರು ಹೋಯಿತು. ನಾನು ಹೆಲ್ಮೆಟ್ಟಿನ ಸಮೇತ, ಕೂಣಿಯ ಸಮೇತ ಎದ್ದು ನಿಂತೆ. ಏರಿಯಲ್ಲು ಮುರಿದು ಚಟಚಟನೆ ಕಿಡಿ ಹಾರಿತು. ಆಮೇಲೆ ನಾನೂರು ಜನ ನಕ್ಕ ನಗುವನ್ನು ನಾನು ಸಾಯುವತನಕ ಮರೆಯಲಾರೆ!

ದಂಡೆಗೆ ಹತ್ತಿದೆವು. ಚೌಡಪ್ಪ ಅಷ್ಟರಲ್ಲೇ ಹಿಡಿದಿಟ್ಟಿದ್ದ ಕಟ್ಲಾವನ್ನು ತಕ್ಕಡಿಗೆ ಹಾಕಿದರು. ಮೂರು ಕಿಲೋ ಇನ್ನೂರು ಗ್ರಾಂ. ನನ್ನ ಕೈ ಖಾಲಿ. ಕೂಣಿಯೂ ಇರಲಿಲ್ಲ. ಮಗುವನ್ನೆತ್ತಿಕೊಂಡು ನಿಂತಿದ್ದ ರೇಣುಕಾಳ ಮುಖ ನೋಡಲಾಗಲಿಲ್ಲ. ಅವ್ವನ ಹೆಸರನ್ನು ಕೆಸರಿನಲ್ಲಿ ಬಿಟ್ಟು ಬಂದಿದ್ದೆ.

“ಕೆಂಚವ್ವ ಬಂದ್ಲು!” ಎಂದು ಚೌಡಪ್ಪ ಮಗುವಿನತ್ತ ಕೈ ಚಾಚಿದ.

ಆಗ ನನ್ನ ಚಡ್ಡಿ ಒದೆಯಿತು! ಎಲ್ಲರೂ ನೋಡಿದರು. ಬಲಗಡೆಯ ಜೇಬು ಉಬ್ಬಿ, ಮೇಲೆ ಅಂಗೈಯಗಲದ ಬಾಲವೊಂದು ಪಟಪಟ ಬಡಿಯುತ್ತಿತ್ತು. ನಾನು ಕಂಡಿದ್ದ ಅದೇ ಕಟ್ಲಾ! ಕಣ್ಣು ಕಾಣದೆ ನನ್ನ ಹತ್ತೊಂಬತ್ತು ಇಂಚಿನ ಜೇಬಿಗೆ ತಾನಾಗಿಯೇ ನುಗ್ಗಿತ್ತು!

“ಅದು ನಂದು!” ಎಂದು ನಾನು ಕೂಗಿದೆ.

“ಹೆಂಗ ನಿಮ್ದು?” ಎಂದು ಚೌಡಪ್ಪ ಎದೆ ಉಬ್ಬಿಸಿದ. “ಮೀನು ಜೇಬಿನಾಗ, ಜೇಬು ಚಡ್ಡಿಯಾಗ, ಚಡ್ಡಿ ಬೀಗರ ಮ್ಯಾಲೆ, ಬೀಗರು ನನ್ನ ಕೂಣಿಯಾಗ! ಎಲ್ಲಾ ಸೇರಿ ನಂದು!”

ಜನ ಎರಡು ಪಾಲಾದರು. ವಾದ ಏರಿತು. ಗೌಡರು ರುಮಾಲು ಬಿಚ್ಚಿ ಮತ್ತೆ ಸುತ್ತಿದರು, ಇನ್ನೊಮ್ಮೆ ಬಿಚ್ಚಿದರು. ಕೊನೆಗೆ ಕೈ ಎತ್ತಿದರು.

“ಬೆಳಿಗ್ಗೇನ ಹೇಳೀನಿ. ಕೂಣಿ ಯಾರದ ಇರ್ಲಿ, ಮೊದಲು ಕೈ ಹಾಕಿ ಎತ್ತಿದವನದ ಮೀನು. ಇದು ಚೌಡಪ್ಪನ ಕೂಣಿಯಾಗ ಬಿದ್ದದ್ದು, ಅದಕ್ಕ ಮೊದಲ ಪಾಳಿ ಚೌಡಪ್ಪಂದು. ಹಾಕಪಾ ಕೈ, ಎತ್ತು.”

ಚೌಡಪ್ಪ ಗೆದ್ದವನಂತೆ ಮುಂದೆ ಬಂದ. ನನ್ನ ಜೇಬಿನತ್ತ ಕೈ ನೀಡಿದ. ಅಲ್ಲೇ ನಿಂತ. ಸುತ್ತ ನೋಡಿದ. ನಾನೂರು ಜನ ಕುತ್ತಿಗೆ ಚಾಚಿ ಕಾಯುತ್ತಿದ್ದರು. ಅವನ ಊರಿನವರೇ ನೂರು ಮಂದಿ ಇದ್ದರು.

“ಗೌಡ್ರ…” ಎಂದ, ದನಿ ಇಳಿದಿತ್ತು. “ಹೆಣ್ಣು ಕೊಟ್ಟ ಬೀಗರ ಜೇಬಿಗೆ ಕೈ ಹಾಕು ಅಂತೀರೇನು? ಮಂದಿ ಎದುರಿಗೆ?”

“ನಾ ಅನ್ನೂದಿಲ್ಲಪಾ, ಪದ್ಧತಿ ಅಂತೈತಿ.”

ಚೌಡಪ್ಪನ ಕೈ ಮತ್ತೆ ಒಂದು ಗೇಣು ಮುಂದೆ ಬಂತು. ದ್ಯಾಮವ್ವ ಸೆರಗು ಬಾಯಿಗೆ ಹಿಡಿದು, “ಹಾಕ್ರಿ ಬೀಗರ, ಸಂಕೋಚ ಬ್ಯಾಡ. ಮದುವಿಯಾಗ ಒಂದು ಪೈಸಾ ಬ್ಯಾಡ ಅಂದಿದ್ರಿ, ಈಗರ ತಗೋರಿ,” ಎಂದಳು.

ಚೌಡಪ್ಪನ ಕಿವಿ ಕೆಂಪಾಯಿತು. ಟೊಪ್ಪಿಗೆ ಕೆಟ್ಟಿತ್ತು, ಇಲ್ಲದಿದ್ದರೆ ಅದಕ್ಕೂ ಬಾಯಿ ಹಾಕುತ್ತಿದ್ದೆನೋ ಏನೋ! ಅವನು ಕೈಯನ್ನು ಸರಕ್ಕನೆ ಹಿಂದಕ್ಕೆಳೆದು ಕಂಕುಳಲ್ಲಿ ಅಡಗಿಸಿಕೊಂಡ. “ಛೀ! ನನ್ನ ಕೈಲಿ ಆಗೂದಿಲ್ಲ! ಮರ್ಯಾದಿ ಅನ್ನೂದು ಒಂದೈತಿ!”

ನಾನು ನನ್ನ ಜೇಬಿಗೆ ನಾನೇ ಕೈ ಹಾಕಿ ಎತ್ತಿದೆ. ನಾಲ್ಕೂವರೆ ಕಿಲೋ!

ಮರುದಿನ ತೊಟ್ಟಿಲು ಹಾಕಿದೆವು. ಚೌಡಪ್ಪನ ಮಗಳೇ ಸೋದರತ್ತೆಯಾಗಿ ಮಗುವಿನ ಕಿವಿಯಲ್ಲಿ ಮೂರು ಸಲ ತುಂಗವ್ವ ಎಂದಳು. ಮೀನಾಕ್ಷಿ ಎಂದಿಡಿ, ಸರಿಹೊಂದುತ್ತದೆ ಎಂದು ಮೈಲಾರಿ ಬಾಯಿ ಹಾಕಿದ. ರೇಣುಕಾ ನೋಡಿದ ನೋಟಕ್ಕೆ ಹೋಳಿಗೆ ತಿನ್ನಲು ಹೊರಟುಹೋದ. ಚೌಡಪ್ಪ ಎರಡು ಸಲ ಸಾರು ಹಾಕಿಸಿಕೊಂಡು, “ತುಂಗವ್ವ ಅಂದ್ರೂ ಛಲೋನ ಐತಿ ಬಿಡ್ರಿ. ಮುಂದಿಂದು ಕೆಂಚವ್ವ,” ಎಂದ. ಅವ್ವನ ಹೆಸರನ್ನು ಬೇರೆಯವರ ಬಾಯಲ್ಲಿ ಕೇಳಿ ನಾನೂ ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ. ಅಂದು ನಾನು ಯಾರನ್ನೂ ಬಯ್ಯಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಬಾಣಂತಿ ಕೆರೆಗೆ ಹೋಗಿ ಗಂಗೆ ಪೂಜೆ ಮಾಡಬೇಕಲ್ಲ! ಐದು ದಿನದ ಮೇಲೆ ಹೆಂಗಸರೆಲ್ಲ ಹೊರಟರು. ಹಿಂದೆ ನಾನು, ಗೌಡರು, ಅರ್ಧ ಊರು. ರೇಣುಕಾ ಪೂಜೆ ಮುಗಿಸಿ ಒಂದು ಹಿಡಿ ಮಂಡಕ್ಕಿ ನೀರಿಗೆ ಎರಚಿದಳು. ಬೇಟೆಯಲ್ಲಿ ಉಳಿದುಕೊಂಡಿದ್ದ ನೂರಾರು ಮೀನುಗಳು ದೂರದಿಂದಲೇ ಅದನ್ನು ಕಂಡು ಬಾಣದಂತೆ ಬಂದವು. ಮಂಡಕ್ಕಿಯ ಹತ್ತಿರ ಬಂದದ್ದೇ ಎಲ್ಲವೂ ಒಟ್ಟಿಗೆ ನಿಂತವು. ಮೆಲ್ಲನೆ ಹಿಂದಕ್ಕೆ ಸರಿದವು. ತಲೆಯನ್ನು ಹಿಂದಕ್ಕೆ ವಾಲಿಸಿ ನೋಡಿದವು. ಇನ್ನೂ ಒಂದು ಮೊಳ ಹಿಂದಕ್ಕೆ ಹೋಗಿ ಮತ್ತೆ ನೋಡಿದವು. ಮಷೀನು ಸುಟ್ಟುಹೋದಾಗ ನನ್ನ ಕಣ್ಣು ನನಗೆ ಬಂದಿತ್ತು. ಆದರೆ ಅವುಗಳ ಕಣ್ಣು ಅವುಗಳಿಗೆ ಹೋಗಿರಲಿಲ್ಲ!

ದಂಡೆಯ ಮೇಲೆ ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

“ಇದನ್ನ ಎಲ್ಲೋ ನೋಡೀನಲ್ಲ…” ಎಂದರು ಗೌಡರು ಗದ್ದ ಕೆರೆಯುತ್ತ.

“ಎಲ್ಲಿ ನೋಡ್ತೀರಿ ಗೌಡ್ರ? ನಮ್ಮ ಮನಿಯಾಗ!” ಎಂದಳು ದ್ಯಾಮವ್ವ. ಹತ್ತು ವರ್ಷ ಬಾಗಿಲ ಮರೆಯಲ್ಲಿ ಕಟ್ಟಿಕೊಂಡಿದ್ದ ನಗು ಒಮ್ಮೆಗೇ ಹೊರಬಿತ್ತು. “ನಮ್ಮ ಯಜಮಾನ್ರು ಸೂಜಿ ಹಿಡದ್ರ ಥೇಟ್ ಹಿಂಗ!”

ಎಲ್ಲರೂ ಮೀನುಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಮತ್ತೆ ಮೀನುಗಳನ್ನು ನೋಡಿದರು. ಇನ್ನೇನು ಮುಚ್ಚಿಡುವುದು?

ನನ್ನ ಹೊಲಿಗೆ ಅಂಗಡಿಗೆ ಬೀಗ ಬೀಳುತ್ತದೆಂದು ನಾನು ಹೆದರಿದ್ದೆ. ಬೀಳಲಿಲ್ಲ. ಆ ವಾರವೇ ಮೂವತ್ತೆರಡು ಪಟ್ಟಾಪಟ್ಟಿ ಚಡ್ಡಿಗೆ ಆರ್ಡರು ಬಂತು, ಎಲ್ಲಕ್ಕೂ ಹತ್ತೊಂಬತ್ತು ಇಂಚಿನ ಜೇಬೇ ಬೇಕಂತೆ. ಎರಡು ಚೌಡಪ್ಪನವು. ಅಷ್ಟೊಂದು ಸೂಜಿ ತನ್ನಿಂದ ಪೋಣಿಸಲಾಗದೆಂದು ದ್ಯಾಮವ್ವ ಕೈಯೆತ್ತಿದಳು. ಮಂಗಳವಾರ ನಾನು ಮರ್ಯಾದೆಯಿಂದ ಮೈಲಾರಿಯ ಅಂಗಡಿಗೆ ಹೋಗಿ, ಸುಳ್ಳು ಹೇಳದೆ ಕಣ್ಣು ತೋರಿಸಿದೆ. ಅವನು ಮೂರು ಸಲ ಅಳೆದು, ಕನ್ನಡಕದ ನಂಬರಿನ ಚೀಟಿ ಬರೆದ.

ನನಗೆ ಪ್ಲಸ್ ಎರಡೂವರೆ. ಕೆರೆಯೊಳಗಿನವರದ್ದೂ ಅಷ್ಟೇ ಅಂತೆ.